ಒಣಗುಂಡಿಗಳ ಪುಸ್ತಕ

ಈ ಕಥೆಯನ್ನು ಮೊದಲು ಹೇಳಿದವಳು ಹುಲಿಗೆವ್ವ ಕಡೇಮನಿ. ಹೇಳಿದ್ದು ೨೦೭೪ನೆಯ ಇಸವಿಯ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಹಿರೇಬಾವಿ ನಗರದ ನಾಲ್ಕನೆಯ ವಾರ್ಡಿನ ಸಾರ್ವಜನಿಕ ನಳದ ಮುಂದೆ, ನೀರು ಬರುವುದಕ್ಕೆ ಇನ್ನೂ ಒಂದು ತಾಸು ಇರುವಾಗ. ಕೇಳಿದವರು ಸರದಿಗೆ ಕೊಡಗಳನ್ನಿಟ್ಟು ಅವುಗಳ ಪಕ್ಕದಲ್ಲೇ ಕುಳಿತ ಹದಿನಾಲ್ಕು ಜನ. ನಳದ ಕಟ್ಟೆಗೆ ಒರಗಿ ಕುಳಿತಿದ್ದ ಹದಿನೈದನೆಯ ಹೆಂಗಸು ಕಥೆಯುದ್ದಕ್ಕೂ ಬಾಯಿ ತೆರೆಯಲಿಲ್ಲ. ಇದೇ ಕಥೆ ಅನಂತರ ಇನ್ನೆರಡು ಕಡೆ ಸಿಕ್ಕಿದೆ: ಒಂದು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಇನ್ನೊಂದು ಜಲಮಂಡಳಿಯ ನಿವೃತ್ತ ಗುಮಾಸ್ತರೊಬ್ಬರ ಮನೆಯಲ್ಲಿ. ಪಾಠಗಳು ಬೇರೆಯಾಗುವಲ್ಲೆಲ್ಲ ಹುಲಿಗೆವ್ವನ ಮಾತನ್ನೇ ಉಳಿಸಿಕೊಳ್ಳಲಾಗಿದೆ. ಕಥೆಯಲ್ಲಿ ಬರುವ ಗುಂಡಿಗಳನ್ನು ಅಗೆದವರಲ್ಲಿ ಅವಳೂ ಒಬ್ಬಳು.

೨೦೭೧ರ ಜನವರಿಯ ಒಂದು ಮುಂಜಾನೆ ಹಿರೇಬಾವಿ ಜಲಮಂಡಳಿಯ ಸಭಾಂಗಣದಲ್ಲಿ ಗುಣಗ್ರಾಹಿ ಎಂಬ ಯಂತ್ರವು ನಾಲ್ಕು ನಿಮಿಷಗಳಲ್ಲಿ ಹನ್ನೊಂದು ಹುದ್ದೆಗಳನ್ನು ತುಂಬಿತು. ನೋಡುವುದಕ್ಕೆ ಅದು ದೇವರ ಮನೆಯ ಮಂಟಪದಷ್ಟು ದೊಡ್ಡ ಪೆಟ್ಟಿಗೆ. ಹಣೆಯ ಜಾಗದಲ್ಲಿ ಹಸಿರು ದೀಪ. ದೀಪದ ಕೆಳಗೆ ಆಯ್ಕೆಯಾದವರ ಹೆಸರು ಮೂಡುವ ಗಾಜಿನ ಪಟ್ಟಿ. ನೀರಿಗೆ ಔಷಧ ಬೆರೆಸುವ ಹುದ್ದೆಗೆ ಅದು ಆರಿಸಿದ್ದು ಪ್ರತಿ ಸೋಮವಾರ ಸೋಮವಾರದ ಮಹತ್ವ ಕುರಿತು ಬರೆಯುತ್ತಿದ್ದ ತರುಣಿಯನ್ನು. ಮೇಲ್ತೊಟ್ಟಿಗಳ ತಪಾಸಣೆಗೆ ಆರಿಸಿದ್ದು ಏಣಿಯ ಮೂರನೆಯ ಮೆಟ್ಟಿಲಿನಲ್ಲೇ ಕಣ್ಣು ಕತ್ತಲಾಗುವ ಒಬ್ಬ ಗೃಹಸ್ಥನನ್ನು. ಜೀವನದಲ್ಲಿ ಮೇಲೇರುವುದು ಹೇಗೆಂದು ಅವನು ನಲವತ್ತು ಬಾರಿ ಬರೆದಿದ್ದ. ಪ್ರತಿ ಹೆಸರಿಗೂ ಸಭಾಂಗಣ ಚಪ್ಪಾಳೆ ತಟ್ಟಿತು. ತಟ್ಟದೆ ಇದ್ದರೆ ತಟ್ಟದವರಿಗೆ ಯಂತ್ರ ಕೊಟ್ಟ ಅಂಕ ಇಳಿಯುತ್ತಿತ್ತು.

ಈ ಯಂತ್ರ ಓದುತ್ತಿದ್ದದ್ದು ಒಂದನ್ನೇ: ಬೆಳಕಿಂಡಿ. ಬೆಳಕಿಂಡಿ ಎಂದರೆ ಉದ್ಯೋಗ ಬೇಕಾದವರು, ಉದ್ಯೋಗ ಇದ್ದವರು, ಉದ್ಯೋಗ ಕೊಡುವವರು ಎಲ್ಲರೂ ಹಗಲಿಡೀ ಒಬ್ಬರ ಬೆನ್ನನ್ನು ಒಬ್ಬರು ತಟ್ಟುತ್ತ ಕುಳಿತಿರುವ ಜಾಲತಾಣ. ಅಲ್ಲಿ ಯಾರೂ ಕೆಲಸ ಕಳೆದುಕೊಳ್ಳುತ್ತಿರಲಿಲ್ಲ. ಹೊಸ ಪಯಣಕ್ಕೆ ಸಜ್ಜಾಗುತ್ತಿದ್ದರು. ಯಾರೂ ಊಟ ಮಾಡುತ್ತಿರಲಿಲ್ಲ. ಊಟದಿಂದ ನಾಯಕತ್ವದ ಮೂರು ಪಾಠಗಳನ್ನು ಕಲಿಯುತ್ತಿದ್ದರು. ತಂದೆ ತೀರಿಕೊಂಡ ಮರುದಿನವೇ, ಅದರಿಂದ ತಾನು ಸಮಯಪಾಲನೆ ಕಲಿತ ಬಗೆಯನ್ನು ಬರೆದು ಏಳು ಸಾವಿರ ಮೆಚ್ಚುಗೆ ಗಳಿಸಿದವನೊಬ್ಬ ಅಲ್ಲಿ ಆದರ್ಶ ಪುರುಷನಾಗಿದ್ದ. ಹಿಂದೆ ಜನ ಸಂತೆಗೆ ದನ ಹೊಡೆದುಕೊಂಡು ಹೋಗುವಾಗ ಕೊಂಬಿಗೆ ಬಣ್ಣ ಹಚ್ಚುತ್ತಿದ್ದರು. ಆದರೂ ಕೊಳ್ಳುವವನು ಹಲ್ಲು ಬಿಡಿಸಿ ನೋಡುತ್ತಿದ್ದ. ಬೆಳಕಿಂಡಿಯಲ್ಲಿ ಬಣ್ಣವೇ ದನವಾಗಿತ್ತು.

ಗುಣಗ್ರಾಹಿಯನ್ನು ರೂಪಿಸಿದವರು ಡಾ. ವಾಮನ ಗಲಗಲಿ. ಅವರ ತತ್ತ್ವ ಸರಳ. ಒಬ್ಬ ಮನುಷ್ಯ ಬರೆದದ್ದರ ಮೇಲೆ ಉಳಿದವರ ಕಣ್ಣು ಎಷ್ಟು ಹೊತ್ತು ನಿಲ್ಲುತ್ತದೆಯೋ ಆ ಅವಧಿಗೆ ಅವರು ‘ತಂಗುಕಾಲ’ ಎಂದು ಹೆಸರಿಟ್ಟಿದ್ದರು. ಯಾವ ಬಗೆಯ ಬರಹದ ಮೇಲೆ ತಂಗುಕಾಲ ಹೆಚ್ಚುತ್ತದೆಯೋ ಅದನ್ನು ಯಂತ್ರವು ತಾನಾಗಿಯೇ ಗುಣವೆಂದು ಕಲಿಯುತ್ತಿತ್ತು. ಆ ಗುಣ ಯಾರಲ್ಲಿ ಹೆಚ್ಚಿದೆಯೋ ಅವರಿಗೆ ಹೆಚ್ಚಿನ ‘ಯೋಗ್ಯಾಂಕ’ ಕೊಡುತ್ತಿತ್ತು. ಯೋಗ್ಯಾಂಕವಿಲ್ಲದೆ ಯಾರನ್ನೂ ಯಾವ ಹುದ್ದೆಗೂ ನೇಮಿಸಕೂಡದೆಂದು ಮಂಡಳಿ ನಿಯಮ ಮಾಡಿತ್ತು. ಮಾಡುವ ಕೆಲಸವನ್ನು ಯಂತ್ರ ಎಂದೂ ಕಂಡಿರಲಿಲ್ಲ. ಕಾಣುವುದು ಅನಗತ್ಯವೆಂದು ಡಾ. ಗಲಗಲಿ ಒಂದು ಪ್ರಬಂಧದಲ್ಲಿ ಸಾಧಿಸಿದ್ದರು.

ಅದೇ ಮುಂಜಾನೆ ಮಂಡಳಿಯ ಹಳೆಯ ನೌಕರರೆಲ್ಲರ ಹುದ್ದೆ ರದ್ದಾಯಿತು. ಬೇಕಾದವರು ಬೆಳಕಿಂಡಿಯ ಮೂಲಕ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಹಾಗೆ ಹುದ್ದೆ ಕಳೆದುಕೊಂಡವರಲ್ಲಿ ಫಕೀರವ್ವ ಸೂಡಿ ಒಬ್ಬಳು. ವಯಸ್ಸು ಐವತ್ತೆರಡು. ಇಪ್ಪತ್ತೊಂಬತ್ತು ವರ್ಷ ಅವಳು ಆಲಿಕೆಯ ಕೆಲಸ ಮಾಡಿದ್ದಳು.

ಆಲಿಕೆ ಎಂದರೇನೆಂದು ಇಲ್ಲಿ ಹೇಳಬೇಕು. ನೆಲದೊಳಗಿನ ಕಬ್ಬಿಣದ ಪೈಪು ಎಲ್ಲಿಯಾದರೂ ಬಿರಿದರೆ ನೀರು ಆ ಬಿರುಕಿನಿಂದ ಹೊರಡುವಾಗ ಒಂದು ಸಣ್ಣ ಸದ್ದು ಮಾಡುತ್ತದೆ. ಆ ಸದ್ದು ಕಬ್ಬಿಣದ ಉದ್ದಕ್ಕೂ ಹರಿದು ಬರುತ್ತದೆ. ಬಿರುಕಿಗೆ ಹತ್ತಿರವಾದಂತೆ ದೊಡ್ಡದಾಗುತ್ತದೆ. ಆಲಿಕೆಯವರು ಬೀಟೆ ಮರದ ಎರಡು ಮೊಳದುದ್ದದ ಕೋಲಿನ ತುದಿಯನ್ನು ವಾಲ್ವಿನ ಮೇಲೆ ಇಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಉಸಿರು ಹಿಡಿದು ಕೇಳುತ್ತಾರೆ. ಬೇಸಿಗೆಯ ಮಟಮಟ ಮಧ್ಯಾಹ್ನ, ಓಣಿಯ ಜನವೆಲ್ಲ ಮಲಗಿದಾಗ, ಇದಕ್ಕೆ ಒಳ್ಳೆಯ ಹೊತ್ತು. ಜಾಗ ಗೊತ್ತಾದಾಗ ಅವರು ಬಾಯಿಂದ ಏನನ್ನೂ ಹೇಳುವುದಿಲ್ಲ. ಆ ಜಾಗದ ಮೇಲೆ ಒಂದು ಕಲ್ಲಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಅಗೆಯುವವರು ಕಲ್ಲು ಕಂಡಲ್ಲಿ ಹಾರೆ ಹಾಕುತ್ತಾರೆ. ನೀರು ಕಣ್ಣಿಗೆ ಕಾಣುವ ಮೊದಲೇ ಇಲ್ಲಿ ನೀರಿದೆ ಎಂದು ಬಾಯಿ ಬಿಡುವುದು ಅವರಲ್ಲಿ ನಾಚಿಕೆಗೇಡು.

ಇನ್ನೊಂದು ಪದ್ಧತಿ ಇದೆ. ಕಥೆಗೆ ಅದೇ ಬುಡ. ಕಲ್ಲಿಟ್ಟಲ್ಲಿ ಅಗೆದು ಪೈಪು ಮುಟ್ಟಿದರೂ ಒದ್ದೆ ಕಾಣದೆ ಹೋದರೆ ಅದು ಒಣಗುಂಡಿ. ಆಗ ಆಲಿಕೆಯವರು ಆ ದಿನ ಅಗೆದವರಿಗೆ ತಮ್ಮ ಕೈಯಿಂದ ರೊಟ್ಟಿ ಬಡಿದು ಉಣಬಡಿಸಬೇಕು, ಗುಂಡಿಯನ್ನು ತಾವೇ ಮುಚ್ಚಬೇಕು, ತಪ್ಪಿದ್ದು ಹೇಗೆಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಸರಿಯಾಗಿ ಹುಡುಕಿದ್ದನ್ನು ಎಲ್ಲಿಯೂ ಬರೆಯುವಂತಿಲ್ಲ. ಪೈಪು ದುರಸ್ತಿಯಾಯಿತು, ಮಣ್ಣು ಮುಚ್ಚಿತು, ಜನ ನೀರು ಕುಡಿದರು, ಅದರಲ್ಲಿ ಬರೆಯುವುದಕ್ಕೇನಿದೆ? ಆಲಿಕೆಯವರಿಬ್ಬರು ಮೊದಲ ಬಾರಿ ಎದುರಾದರೆ ಕೇಳುವುದು ‘ಎಷ್ಟು ಒಣಗುಂಡಿ?’ ಎಂದು. ಒಂದೂ ಇಲ್ಲವೆನ್ನುವವರನ್ನು ಅವರು ನಂಬುವುದಿಲ್ಲ; ಹೆಚ್ಚು ಇರುವವರನ್ನು ಕೆಲಸಕ್ಕೆ ಕರೆಯುವುದಿಲ್ಲ. ಫಕೀರವ್ವನ ಪುಸ್ತಕದಲ್ಲಿ ಇದ್ದದ್ದು ಹತ್ತೊಂಬತ್ತು. ಚಹಾದಂಗಡಿಯ ಪಾಠದಲ್ಲಿ ಹದಿನೇಳು ಎಂದಿದೆ.

ಅವಳಿಗೆ ಆ ಹುದ್ದೆ ಏಕೆ ಬೇಕಾಗಿತ್ತೆಂದರೆ, ನಾಲ್ಕನೆಯ ವಾರ್ಡಿನಲ್ಲಿ ಅವಳ ಕೆಲಸ ಅರ್ಧಕ್ಕೆ ನಿಂತಿತ್ತು. ಅಲ್ಲಿಗೆ ಹನ್ನೊಂದು ದಿನಕ್ಕೊಮ್ಮೆ, ಅದೂ ಒಂದೇ ತಾಸು ನೀರು ಬರುತ್ತಿತ್ತು. ಹೊಳೆಯಿಂದ ಹೊರಟ ನೀರು ವಾರ್ಡಿನ ಬಾಯಿಯವರೆಗೆ ಬಂದು ಎಲ್ಲಿಯೋ ಮಾಯವಾಗುತ್ತಿತ್ತು; ನೆಲದ ಮೇಲೆ ಎಲ್ಲಿಯೂ ತೇವವಿಲ್ಲ. ಎರಡು ವರ್ಷದಿಂದ ಅವಳು ಆ ಸದ್ದಿನ ಬೆನ್ನು ಹತ್ತಿದ್ದಳು. ಆದರೆ ವಾರ್ಡಿನಲ್ಲಿ ಕಿವಿ ಹಚ್ಚಲು ಸಿಗುತ್ತಿದ್ದದ್ದು ಐದೇ ವಾಲ್ವು, ಒಂದಕ್ಕೊಂದು ಬಹಳ ದೂರ. ಇನ್ನೊಂದು ಬೇಸಿಗೆ ಸಿಕ್ಕರೆ ಹಿಡಿಯುತ್ತೇನೆ ಎಂದು ಅವಳಿಗೆ ಅನಿಸಿತ್ತು. ಹುದ್ದೆ ಹೋದ ಮೇಲೆ ಮಂಡಳಿಯ ಪೈಪನ್ನು ಮುಟ್ಟುವುದೇ ಅಪರಾಧ. ಸ್ವಂತ ಮನೆಯೂ ಅದೇ ವಾರ್ಡಿನಲ್ಲಿದ್ದುದರಿಂದ, ಹನ್ನೊಂದನೆಯ ದಿನ ಕೊಡ ಹಿಡಿದು ನಿಂತಾಗಲೆಲ್ಲ ಆ ಅರ್ಧ ಕೇಳಿದ ಸದ್ದು ಅವಳ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಬೆಳಕಿಂಡಿಯಲ್ಲಿ ಅವಳಿಗೆ ಖಾತೆ ತೆರೆದುಕೊಟ್ಟವಳು ಪಕ್ಕದ ಮನೆಯ ಮೆಹಬೂಬಿ, ಬ್ಲೌಸು ಹೊಲಿಯುವವಳು.

“ಅಕ್ಕಾ, ನಿನ್ನ ಸಾಧನಿ ಏನಂತ ಕೇಳಾಕತ್ತೈತಿ ನೋಡ,” ಎಂದಳು ಮೆಹಬೂಬಿ, ಫೋನನ್ನು ಮೂಗಿನ ಹತ್ತಿರ ಹಿಡಿದು.

“ಸಾಧನಿ ಅಂದ್ರ?”

“ನೀ ಮಾಡಿದ ದೊಡ್ಡ ಕೆಲಸ.”

“ಸೋರೂ ಪೈಪ್ ಹುಡುಕೀನಿ. ಹುಡುಕಾಕಂತನ ಇಟ್ಕೊಂಡಿದ್ರು. ಅದರಾಗೇನ್ ದೊಡ್ಡದು?”

“ಹಂಗ ಬರದ್ರ ಯಾರೂ ತಿರುಗಿ ನೋಡಾಂಗಿಲ್ಲ. ಇಲ್ನೋಡ, ಈತ ಚಹಾ ಸೋಸಿದ್ದನ್ನೂ ಬರದಾನ. ‘ಗಷ್ಟು ಕೆಳಗುಳಿದಾಗ ನಾನು ತಾಳ್ಮೆ ಕಲಿತೆ’ ಅಂತ.”

“ಚಹಾ ಯಾರ್ ಮಾಡಿದ್ರು?”

“ಆತನ ಹೇಣ್ತಿ ಮಾಡಿರಬೇಕು.”

“ಆಕಿ ಏನ್ ಕಲಿತ್ಲಂತ?”

“ಆಕಿಗೆ ಖಾತೆ ಇದ್ದಂಗಿಲ್ಲ.” ಮೆಹಬೂಬಿ ನಕ್ಕು ಮತ್ತೆ ಪರದೆ ನೋಡಿದಳು. “ಇನ್ನೊಂದ್ ಕೇಳ್ತೈತಿ. ನಿನ್ನ ಅರ್ಹತಿಗೆ ಪುರಾವೆ ಹಚ್ಚು ಅಂತ.”

ಫಕೀರವ್ವ ಎದ್ದು ಹೋಗಿ ಗೋಡೆಯ ಗೂಡಿನಿಂದ ಒಣಗುಂಡಿಗಳ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟಳು. ಆಲಿಕೆಯವರು ಮಾತ್ರ ಮಾಡಬಹುದಾದ ತಪ್ಪು ಇದು. ಪುರಾವೆ ಕೇಳಿದಾಗ ತೋರಿಸಬೇಕಾದದ್ದು ಈ ಪುಸ್ತಕವೆಂದು ಅವಳು ಇಪ್ಪತ್ತೊಂಬತ್ತು ವರ್ಷ ತಿಳಿದಿದ್ದಳು. ಬೇರೆ ಪುರಾವೆ ಇರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಮೆಹಬೂಬಿ ಒಂದೆರಡು ಪುಟ ಓದಿ ತಲೆ ಎತ್ತಿದಳು. “ಅಕ್ಕಾ, ಇದರಾಗ ಬರೇ ನೀ ತಪ್ಪಿದ್ದ ಐತಲ್ಲ!”

“ಹೌದು. ಎಲ್ಲಾ ಹಾಕು. ಒಂದೂ ಬಿಡಬ್ಯಾಡ. ಆಮ್ಯಾಲೆ ಮುಚ್ಚಿಟ್ಲು ಅನ್ನಬಾರದು.”

ಹೀಗೆ ಹತ್ತೊಂಬತ್ತು ಒಣಗುಂಡಿಗಳು ದಿನಕ್ಕೊಂದರಂತೆ ಬೆಳಕಿಂಡಿಗೆ ಹೋದವು. ಹುಲಿಗೆವ್ವನ ನೆನಪಿನಲ್ಲಿ ಮೂರು ಉಳಿದಿವೆ:

‘೨೦೪೪, ಮಾರ್ಚ್. ಅಕ್ಕಸಾಲಿಗರ ಓಣಿ. ಸೋರುವ ಸದ್ದೆಂದು ತಿಳಿದೆ. ಅಗೆದರೆ ಒಣ. ಸದ್ದು ಹಿಟ್ಟಿನ ಗಿರಣಿಯದು. ಗಿರಣಿ ನಿಲ್ಲುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ.’

‘೨೦೫೧, ಮೇ. ದವಾಖಾನೆಯ ಹಿಂದೆ. ಒಣ. ನನಗೆ ಜ್ವರವಿತ್ತು, ಕಿವಿಯಲ್ಲಿ ನನ್ನದೇ ನಾಡಿಯ ಸದ್ದು. ಜ್ವರವಿದ್ದಾಗ ಕೋಲು ಹಿಡಿಯಬಾರದು.’

‘೨೦೬೩, ಫೆಬ್ರುವರಿ. ನಾಲ್ಕು ಜನ ಎದೆಯುದ್ದ ಅಗೆದರು. ಒಣ. ಕಾರಣ ಇನ್ನೂ ತಿಳಿದಿಲ್ಲ.’

ಮೊದಲ ವಾರ ಬೆಳಕಿಂಡಿ ಬಿದ್ದು ಬಿದ್ದು ನಕ್ಕಿತು. ಈಕೆಗೆ ಯಾರಾದರೂ ಹೇಳಬಾರದೆ ಎಂದು ನೂರಾರು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಅವಳಿಗೆ ಯಾರೂ ಹೇಳಲಿಲ್ಲ. ಎರಡನೆಯ ವಾರ ಒಬ್ಬ ಖ್ಯಾತ ಉಪದೇಶಕ ‘ಎಂಥ ವಿನಯ! ಎಂಥ ಧೈರ್ಯ!’ ಎಂದು ಬರೆದ. ನಕ್ಕವರೆಲ್ಲ ಆ ಕ್ಷಣವೇ ಗದ್ಗದಿತರಾದರು. ‘ಕಾರಣ ಇನ್ನೂ ತಿಳಿದಿಲ್ಲ’ ಎಂಬ ಮಾತನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿದರು. ಒಂದು ಲಕ್ಷ ಜನರ ಕಣ್ಣುಗಳು ಆ ಹತ್ತೊಂಬತ್ತು ಗುಂಡಿಗಳ ಮೇಲೆ ತಂಗಿದವು. ಸಭಾಂಗಣದಲ್ಲಿ ಕುಳಿತ ಗುಣಗ್ರಾಹಿ, ತನ್ನ ಸ್ವಭಾವಕ್ಕೆ ಅನುಗುಣವಾಗಿ, ಹೊಸ ಪಾಠ ಕಲಿಯಿತು: ವೈಫಲ್ಯವೇ ಗುಣ.

ಮುಂದಿನದು ನಡೆಯುವುದಕ್ಕೆ ಮೂರು ವಾರವೂ ಬೇಕಾಗಲಿಲ್ಲ. ನಿನ್ನೆಯವರೆಗೆ ಸಾಧನೆಗಳಿಂದ ಬೀಗುತ್ತಿದ್ದ ಜನ ಇಂದು ಸೋಲುಗಳಿಂದ ಬೀಗತೊಡಗಿದರು. ಒಬ್ಬ ವಕೀಲ ತಾನು ಸೋತ ಮೊಕದ್ದಮೆಗಳ ಪಟ್ಟಿ ಹಾಕಿ, ಸಾಲದೆ, ಗೆದ್ದವುಗಳನ್ನೂ ಸೋತೆನೆಂದು ಬರೆದುಕೊಂಡ. ಒಬ್ಬ ಅಡುಗೆಯವನು ತಾನು ಸೀಯಿಸಿದ ಅನ್ನದ ಚಿತ್ರಗಳಿಗಾಗಿ ದಿನವೂ ಅನ್ನ ಸೀಯಿಸಿದ. ಸೋಲುಗಳನ್ನು ಹೊಸೆದುಕೊಡುವ ಲೇಖಕರು ಹುಟ್ಟಿಕೊಂಡರು. ಅವರ ಕೈಯಿಂದ ಬಂದ ಸೋಲುಗಳು ನಿಜವಾದವುಗಳಿಗಿಂತ ಬಹಳ ಸುಂದರವಾಗಿದ್ದವು; ಪ್ರತಿಯೊಂದರ ಕೊನೆಗೂ ಒಂದು ನೀತಿ ಇರುತ್ತಿತ್ತು. ಫಕೀರವ್ವನ ಗುಂಡಿಗಳಲ್ಲಿ ನೀತಿ ಇರಲಿಲ್ಲ. ಅಲ್ಲಿ ಗಿರಣಿ ಇತ್ತು, ಜ್ವರವಿತ್ತು.

ಈ ಸುಗ್ಗಿಯಲ್ಲಿ ಎಲ್ಲರನ್ನೂ ಮೀರಿಸಿದವನು ಉಲ್ಲಾಸ ಬೇವಿನಕಟ್ಟಿ. ಮೂವತ್ತರ ಆಸುಪಾಸಿನ, ಬಿಳಿಯ ಬೂಟುಗಳ ತರುಣ. ಕೆಲಸವಿಲ್ಲದೆ ಎರಡು ವರ್ಷ ಬೆಳಕಿಂಡಿಯಲ್ಲೇ ವಾಸವಾಗಿದ್ದವನು. ಅವನು ಆಲಿಕೆಯವನಾಗಿ ತಾನು ಅಗೆಸಿದ ನಾನೂರ ಹನ್ನೆರಡು ಒಣಗುಂಡಿಗಳ ವಿವರ ಪ್ರಕಟಿಸಿದ. ಅವುಗಳಲ್ಲಿ ಕೆಲವು ಸಮುದ್ರದಲ್ಲಿದ್ದವು. ಯಾರೂ ನಕ್ಷೆ ತೆರೆದು ನೋಡಲಿಲ್ಲ.

ಆಲಿಕೆಯ ಹುದ್ದೆಗೆ ಆಯ್ಕೆ ನಡೆದ ದಿನ ಫಕೀರವ್ವ ಕೋಲು ಹಿಡಿದುಕೊಂಡೇ ಸಭಾಂಗಣಕ್ಕೆ ಹೋದಳು. ಹಸಿರು ದೀಪ ಮಿನುಗಿತು. ಉಲ್ಲಾಸನ ಹೆಸರು ಮೂಡಿತು. ಚಪ್ಪಾಳೆ ಮುಗಿಯುವವರೆಗೆ ಅವಳು ಕಾದು ವೇದಿಕೆಯ ಹತ್ತಿರ ಹೋಗಿ ಡಾ. ಗಲಗಲಿಯವರಿಗೆ ನಮಸ್ಕಾರ ಮಾಡಿದಳು.

“ಸಾಹೇಬ್ರ, ನನ್ನದೇನ್ ತಪ್ಪಾತ್ರಿ?”

ಗಲಗಲಿಯವರು ಕೆಟ್ಟವರಲ್ಲ. ವಿವರಿಸುವ ಅವಕಾಶ ಸಿಕ್ಕರೆ ಅವರಿಗೆ ಸಂತೋಷವೇ. “ತಪ್ಪೇನಿಲ್ಲ ಯವ್ವಾ. ನಿಮ್ಮ ಯೋಗ್ಯಾಂಕ ಇಪ್ಪತ್ತೊಂದು. ಉಲ್ಲಾಸ ಅವರದು ತೊಂಬತ್ತೆಂಟು. ನಿಮಗ ಅನುಭವ ಸಾಲೂದಿಲ್ಲ.”

“ಇಪ್ಪತ್ತೊಂಬತ್ತ ವರ್ಷ ಆತ್ರೀ.”

“ವರ್ಷ ಲೆಕ್ಕಕ್ಕಿಲ್ಲ. ಇಷ್ಟ ವರ್ಷದಾಗ ನಿಮ್ಮವು ಹತ್ತೊಂಬತ್ತ ವೈಫಲ್ಯ. ಅವರು ನಾನೂರಾ ಹನ್ನೆರಡು ಮಾಡ್ಯಾರ.”

“ನಾನೂರಾ ಹನ್ನೆರಡು ತಪ್ಪಿದಾವನ್ನ ನಮ್ಮಾಗ ಓಣಿಯೊಳಗ ಬಿಟ್ಕೊಳ್ಳಾಂಗಿಲ್ರಿ. ಅಗಿಯೂ ಮಂದಿ ಹಾರಿ ತಗೊಂಡ್ ಬೆನ್ನ ಹತ್ತತಾರ.”

ಸಭೆಯಲ್ಲಿ ಕೆಲವರು ನಗಲು ಹೊರಟು, ಅಂಕದ ನೆನಪಾಗಿ ಸುಮ್ಮನಾದರು.

“ನಿಮ್ಮ ಯಂತ್ರ ಪೈಪಿಗೆ ಕಿವಿ ಹಚ್ಚತೈತೇನ್ರಿ?” ಎಂದು ಅವಳು ಕೇಳಿದಳು.

“ಅದಕ್ಕ ಕಿವಿ ಯಾಕ? ಮಂದಿ ಯಾರನ್ನ ಎಷ್ಟೊತ್ತು ನೋಡ್ತಾರ ಅನ್ನೂದು ಗೊತ್ತಾದ್ರ ಸಾಕು. ಒಬ್ಬರು ತಪ್ಪಬಹುದು, ಲಕ್ಷ ಮಂದಿ ತಪ್ಪೂದಿಲ್ಲ.”

“ಹಂಗಾರ ಅದರ ಒಣಗುಂಡಿ ಪುಸ್ತಕ ತೋರಸ್ರಿ.”

“ಯಾವ ಪುಸ್ತಕ?”

“ಅದು ಎಲ್ಲೆಲ್ಲಿ ತಪ್ಪೇತಿ ಅನ್ನೂದು ಬರದಿಟ್ಟಿದ್ದು.”

ಗಲಗಲಿಯವರು ಕನಿಕರದಿಂದ ನಕ್ಕರು. “ಯಂತ್ರ ತಪ್ಪಿದ್ದ ಇಲ್ಲ, ಯವ್ವಾ. ಅದಕ್ಕ ಪುಸ್ತಕ ಇಟ್ಟಿಲ್ಲ.”

“ಪುಸ್ತಕ ಇಡಲಾರದ್ದಕ್ಕ ತಪ್ಪಿಲ್ರಿ,” ಎಂದಳು ಫಕೀರವ್ವ. ಕೋಲು ಹೆಗಲಿಗೇರಿಸಿ ಹೊರಗೆ ನಡೆದಳು.

ಉಲ್ಲಾಸ ಕೆಲಸ ಆರಂಭಿಸಿದ್ದು ನಾಲ್ಕನೆಯ ವಾರ್ಡಿನಲ್ಲಿ. ಅವನು ಕೋಲನ್ನು ತಲೆಕೆಳಗಾಗಿ ಹಿಡಿದು, ಕಣ್ಣು ಮುಚ್ಚಿ, ಪೈಪು ಹಾದುಹೋದ ಗೆರೆಯ ಮೇಲೆ ಬೇಕೆನಿಸಿದ ಕಡೆ ಬೆರಳು ತೋರಿಸುತ್ತಿದ್ದ. ಹುಲಿಗೆವ್ವ ಮತ್ತು ಅವಳ ತಂಡದವರು ಗುತ್ತಿಗೆದಾರನ ಕೂಲಿಗೆ ಅಗೆಯುತ್ತಿದ್ದರು. ಪೈಪು ಸಿಗುತ್ತಿತ್ತು, ನೀರು ಸಿಗುತ್ತಿರಲಿಲ್ಲ. ಆಗ ಉಲ್ಲಾಸ ಬಿಳಿಯ ಬೂಟುಗಳೊಡನೆ ಗುಂಡಿಗಿಳಿದು, ಗಲ್ಲಕ್ಕೆ ಒಂದಿಷ್ಟು ಮಣ್ಣು ಹಚ್ಚಿಕೊಂಡು, ಚಿತ್ರ ತೆಗೆಸಿಕೊಂಡು ‘ಇನ್ನೊಂದು ವೈಫಲ್ಯ, ಇನ್ನೊಂದು ಪಾಠ’ ಎಂದು ಬರೆಯುತ್ತಿದ್ದ. ಗುಣಗ್ರಾಹಿಯು ಪ್ರತಿ ಒಣಗುಂಡಿಗೂ ಅವನ ಯೋಗ್ಯಾಂಕ ಏರಿಸುತ್ತಿತ್ತು. ಹತ್ತು ಗುಂಡಿಗಳಾದಾಗ ಅವನು ಹಿರಿಯ ಆಲಿಕೆಗಾರನಾದ, ಮೂವತ್ತಾದಾಗ ಮುಖ್ಯ ಆಲಿಕೆಗಾರನಾದ. ರೊಟ್ಟಿಯ ಸುದ್ದಿ ಇಲ್ಲ. ಮುಚ್ಚುವ ಸುದ್ದಿಯಂತೂ ಇಲ್ಲವೇ ಇಲ್ಲ. ಓಣಿಗಳಲ್ಲಿ ಮದುವೆಯ ಮೆರವಣಿಗೆ ಕೂಡ ಸಾಲಾಗಿ ಹಲಗೆಗಳ ಮೇಲೆ ದಾಟಬೇಕಾಯಿತು. ಜನ ಬೈದರು. ಬೈದದ್ದನ್ನೂ ಅವನು ಬೆಳಕಿಂಡಿಗೆ ಹಾಕಿದ. ಅದರಿಂದಲೂ ಅವನ ಅಂಕ ಏರಿತು.

ಕೊನೆಗೆ ಮಂಡಳಿಯವರು ಗುಂಡಿ ಮುಚ್ಚುವುದಕ್ಕೆ ದಿನಗೂಲಿಯವರನ್ನು ಕರೆದರು. ಆ ಕೆಲಸಕ್ಕೆ ಮಾತ್ರ ಯೋಗ್ಯಾಂಕ ಕೇಳಲಿಲ್ಲ. ಗುಂಡಿ ಮುಚ್ಚಿದ್ದನ್ನು ಬೆಳಕಿಂಡಿಯಲ್ಲಿ ಯಾರೂ ಎಂದೂ ಬರೆದಿರಲಿಲ್ಲವಾಗಿ ಅಂಥದೊಂದು ಕೆಲಸವಿದೆಯೆಂದು ಯಂತ್ರಕ್ಕೆ ತಿಳಿದೇ ಇರಲಿಲ್ಲ. ಮೊದಲ ದಿನವೇ ಸಲಿಕೆ ಹಿಡಿದು ಬಂದವಳು ಫಕೀರವ್ವ.

“ಏನಬೇ, ಅವನ ಗುಂಡಿ ನೀ ಮುಚ್ಚತಿ?” ಎಂದು ಹುಲಿಗೆವ್ವ ಕೇಳಿದಳು.

“ಗುಂಡಿ ಯಾರದಾರ ಆಗ್ಲಿ, ತೆರದ ಬಿಟ್ರ ಮಂದಿ ಬೀಳ್ತಾರ.”

ಆದರೆ ಮುಚ್ಚುವವರ ಕೆಲಸಕ್ಕೆ ಒಂದು ನಿಯಮವಿತ್ತು: ಮಣ್ಣು ಹಾಕುವ ಮೊದಲು ಪೈಪನ್ನು ಒರೆಸಿ ಗೋಣಿ ಸುತ್ತಬೇಕು. ಎಂದರೆ ಮುಟ್ಟಬೇಕು. ಮುಖ್ಯ ಆಲಿಕೆಗಾರನ ಹೊರತು ಮಂಡಳಿಯ ಪೈಪನ್ನು ಮುಟ್ಟುವ ಹಕ್ಕು ಈಗ ಊರಿನಲ್ಲಿ ಗುಂಡಿ ಮುಚ್ಚುವವರಿಗೆ ಮಾತ್ರ ಇತ್ತು. ಫಕೀರವ್ವ ಪ್ರತಿ ಗುಂಡಿಗೂ ಮಧ್ಯಾಹ್ನ ಇಳಿದಳು. ಒರೆಸಿದಳು. ಗೋಣಿ ಸುತ್ತುವ ಮೊದಲು ಸೆರಗಿನ ಮರೆಯಲ್ಲಿ ಕೋಲಿನ ತುದಿಯನ್ನು ಪೈಪಿಗೆ ಇಟ್ಟು ಕಿವಿ ಹಚ್ಚಿದಳು. ಸದ್ದು ಎಷ್ಟು ದೊಡ್ಡದೋ ಅಷ್ಟು ಗಂಟುಗಳನ್ನು ಸೊಂಟದ ದಾರಕ್ಕೆ ಹಾಕಿಕೊಂಡಳು.

ಇದರ ಅರ್ಥವನ್ನು ಮಂಡಳಿಯಲ್ಲಿ ಯಾರೂ ಊಹಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವಳಿಗೆ ಆ ವಾರ್ಡಿನಲ್ಲಿ ಕೇಳಲು ಸಿಕ್ಕಿದ್ದು ಐದು ಜಾಗ. ಉಲ್ಲಾಸನ ಕೃಪೆಯಿಂದ ಈಗ ಅರವತ್ತಮೂರು. ಒಂದೊಂದೂ ನೇರ ಪೈಪಿನ ಮೇಲೆ, ನೆಲದೊಳಗಿನ ನಿಶ್ಶಬ್ದದಲ್ಲಿ. ಎಷ್ಟು ಒಳ್ಳೆಯ ಆಲಿಕೆಯವಳಾದರೂ ಇಷ್ಟು ಗುಂಡಿ ಅಗೆಸಿಕೊಡಿ ಎಂದು ಕೇಳುವ ಧೈರ್ಯ ಮಾಡುತ್ತಿರಲಿಲ್ಲ. ಕೇಳಿದರೂ ಯಾವ ಮಂಡಳಿಯೂ ಕೊಡುತ್ತಿರಲಿಲ್ಲ. ಮೂರ್ಖನೊಬ್ಬನಿಗೆ ಮಾತ್ರ ಅದು ಸಾಧ್ಯವಿತ್ತು. ಮೇ ತಿಂಗಳ ಮೂರನೆಯ ವಾರದ ಹೊತ್ತಿಗೆ ದಾರದ ಗಂಟುಗಳು ಎರಡರಿಂದ ಐದಾಗಿ, ಐದರಿಂದ ಒಂಬತ್ತಾಗಿ, ವಾರ್ಡಿನ ಬಾಯಿಯಲ್ಲಿದ್ದ ಜಲಮಂಡಳಿಯ ಅಂಗಳದ ಕಾಂಪೌಂಡಿನ ಹತ್ತಿರ ಬಂದು ನಿಂತವು.

ಅದೇ ವಾರ ಉಲ್ಲಾಸನಿಗೂ ಒಂದು ಕಷ್ಟ ಎದುರಾಯಿತು. ಅರವತ್ತೆರಡನೆಯ ಗುಂಡಿಯ ತಳದಲ್ಲಿ ಸ್ವಲ್ಪ ತೇವ ಕಂಡಿತ್ತು. ಪಕ್ಕದ ಬಚ್ಚಲಿನದು. ಯಂತ್ರವು ಅದನ್ನು ಯಶಸ್ಸಿನ ಶಂಕೆಯೆಂದು ಎಣಿಸಿ ನಾಲ್ಕು ಅಂಕ ಕಳೆದಿತ್ತು. ಅಂದಿನಿಂದ ಅವನಿಗೆ ನೀರೆಂದರೆ ಭಯ. ಅವನು ಫಕೀರವ್ವನನ್ನು ಪಕ್ಕಕ್ಕೆ ಕರೆದ.

“ಆಯೀ, ನಿಮಗ ಈ ಭೂಮಿ ಒಳಗಿಂದ ಗೊತ್ತೈತಂತ. ನಾಳಿ ನೇರ ಪ್ರಸಾರ ಐತಿ, ಗಲಗಲಿ ಸಾಹೇಬ್ರೂ ಬರ್ತಾರ. ದೊಡ್ಡ ವೈಫಲ್ಯ ಆಗಬೇಕು. ಹನಿ ನೀರು ಸಿಗಲಾರದಂಥಾ ಜಾಗಾ ಒಂದ್ ತೋರಸ್ರಿ.”

ಫಕೀರವ್ವ ದಾರವನ್ನು ಬೆರಳಿನಲ್ಲಿ ಒಮ್ಮೆ ಎಣಿಸಿದಳು. ಮಂಡಳಿಯ ಅಂಗಳಕ್ಕೆ ನಡೆದು, ನೇಮಕಾತಿ ಪತ್ರ ಹಂಚುವ ಚಪ್ಪರದ ನಡುಮಧ್ಯೆ ನಿಂತು, ಬಗ್ಗಿ, ಒಂದು ಕಲ್ಲಿಟ್ಟಳು. ಪಕ್ಕಕ್ಕೆ ಸರಿದಳು.

“ಬೆಸ್ಟ್!” ಎಂದ ಉಲ್ಲಾಸ.

ಹುಲಿಗೆವ್ವ ಈ ಭಾಗ ಹೇಳುವಾಗ ನಿಲ್ಲಿಸಿ ಕೇಳುಗರನ್ನು ಒಮ್ಮೆ ನೋಡಿದಳು. “ಆಕಿ ಸುಳ್ಳ ಹೇಳಲಿಲ್ರವಾ. ಕಲ್ಲ ಇಟ್ಲು. ನಾನೂರಾ ಹನ್ನೆರಡು ಗುಂಡಿ ಅಗಸಿದ ಶೂರಗ ಕಲ್ಲಂದ್ರ ಏನಂತ ಗೊತ್ತಿರಲಿಲ್ಲ. ನಮಗ ಗೊತ್ತಿತ್ತು. ನಾವ್ಯಾಕ್ ಹೇಳೋಣ?”

ಮರುದಿನ ಚಪ್ಪರದ ಕೆಳಗೆ ಕ್ಯಾಮೆರಾಗಳು ನಿಂತವು. ಡಾ. ಗಲಗಲಿ ಪೇಟ ಧರಿಸಿ ಕುಳಿತರು. ಅರವತ್ತನಾಲ್ಕನೆಯ ಗುಂಡಿ ಸೊಂಟದುದ್ದ ಇಳಿಯಿತು. ಹುಲಿಗೆವ್ವನ ಹಾರೆ ಒಂದು ಚಪ್ಪಡಿಗೆ ತಾಗಿ ಟೊಳ್ಳಾದ ಸದ್ದು ಬಂತು. ಚಪ್ಪಡಿ ಸರಿಸಿದರೆ ಕೆಳಗೆ ಕತ್ತಲು. ಕತ್ತಲಿನೊಳಗೆ ಧೋ ಎಂದು ನೀರು ಬೀಳುವ ಸದ್ದು. ಊರಿಗೆ ಹೆಸರು ಕೊಟ್ಟ ಹಳೆಯ ಬಾವಿ ಅದು. ಮೇಲೆ ಚಪ್ಪಡಿ ಹಾಸಿ, ಮಣ್ಣು ತುಂಬಿ, ಪಕ್ಕದಲ್ಲಿ ಕಟ್ಟಡ ಕಟ್ಟಿ ಎಲ್ಲರೂ ಮರೆತಿದ್ದರು. ನಾಲ್ಕನೆಯ ವಾರ್ಡಿನ ಪೈಪು ಅದರ ಬಾಯಿಯ ಮೇಲೆ ಹಾದುಹೋಗುತ್ತಿತ್ತು, ಅಲ್ಲಿಯೇ ಬಿರಿದಿತ್ತು. ನೀರೆಲ್ಲ ನೇರ ಬಾವಿಗೆ ಬಿದ್ದು, ತಳದ ಸಂದುಗಳಲ್ಲಿ ಇಂಗಿ ಹೋಗುತ್ತಿದ್ದುದರಿಂದಲೇ ನೆಲದ ಮೇಲೆ ಎಲ್ಲಿಯೂ ತೇವ ಕಂಡಿರಲಿಲ್ಲ. ಅಷ್ಟು ವರ್ಷ ಹನ್ನೊಂದು ದಿನಕ್ಕೊಮ್ಮೆ ಜನ ಕೊಡ ಹಿಡಿದು ಜಗಳವಾಡುತ್ತಿದ್ದಾಗ ಅವರ ನೀರು ಗುಣಗ್ರಾಹಿಯ ಅಂಗಳದ ಅಡಿಯಲ್ಲಿ ಬೀಳುತ್ತಿತ್ತು.

ಚಪ್ಪರದ ಕೆಳಗಿದ್ದ ಗುಂಪು ಕೂಗಿಕೊಂಡಿತು. ಒಬ್ಬ ಮುದುಕ ಗುಂಡಿಯ ಅಂಚಿನಲ್ಲಿ ಕುಳಿತು ಅತ್ತೇ ಬಿಟ್ಟ. ಅದೇ ಹೊತ್ತಿಗೆ ಸಭಾಂಗಣದಲ್ಲಿ ಗುಣಗ್ರಾಹಿಯ ದೀಪ ಕೆಂಪಾಯಿತು. ನೇರ ಪ್ರಸಾರವನ್ನು ಲಕ್ಷಾಂತರ ಜನ ನೋಡಿದ್ದರು, ಆದರೆ ಯಂತ್ರ ಲೆಕ್ಕಕ್ಕೆ ಹಿಡಿದದ್ದು ಹಿಂದೆ ಕಲಿತ ಪಾಠವನ್ನೇ. ಗುಂಡಿಯಲ್ಲಿ ನೀರು ಸಿಕ್ಕಿದೆ, ಆದ್ದರಿಂದ ಇದು ವೈಫಲ್ಯವಲ್ಲ, ಆದ್ದರಿಂದ ಗುಣವಲ್ಲ. ಮುಖ್ಯ ಆಲಿಕೆಗಾರನ ಯೋಗ್ಯಾಂಕ ಎಂಟಕ್ಕಿಳಿಯಿತು. ಮಂಡಳಿಯ ಸೇವೆಯಲ್ಲಿ ಸೋರಿಕೆಯೊಂದು ಸಿಕ್ಕಿತೆಂಬ ಕಾರಣಕ್ಕೆ ವಜಾ ಆದವನು ಅವನೊಬ್ಬನೇ. ಅದೂ ತಾನು ಹುಡುಕದ ಸೋರಿಕೆಗೆ.

ಡಾ. ಗಲಗಲಿ ಎಚ್ಚರ ತಪ್ಪಲಿಲ್ಲ. ಪೈಪಿಗೆ ಪಟ್ಟಿ ಬಿಗಿಯುವ ಮೊದಲೇ ಅವರು ಬೆಳಕಿಂಡಿಯಲ್ಲಿ ಬರೆದರು: ‘ಗುಣಗ್ರಾಹಿಯ ಆಯ್ಕೆಯಿಂದ ನಾಲ್ಕನೆಯ ವಾರ್ಡಿನ ಜಲಸಂಕಟ ನೀಗಿದೆ. ವಿನಮ್ರನಾಗಿದ್ದೇನೆ.’ ವಾಕ್ಯ ಸುಳ್ಳೆಂದು ಯಾರೂ ಸಾಧಿಸಲಾರರು. ಮೂವತ್ತು ಸಾವಿರ ಜನ ಮೆಚ್ಚಿದರು. ನಿವೃತ್ತ ಗುಮಾಸ್ತರ ಪಾಠದಲ್ಲಿ, ಮುಂದೊಂದು ದಿನ ಗಲಗಲಿಯವರು ಫಕೀರವ್ವನ ಮನೆಗೆ ಬಂದು, ಯಂತ್ರಕ್ಕೂ ಒಂದು ಒಣಗುಂಡಿ ಪುಸ್ತಕ ಇಟ್ಟಿದ್ದೇನೆ, ಅದರ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ ಎಂದು ಕೈಮುಗಿದರೆಂದು ಬರುತ್ತದೆ. ಇದನ್ನು ಅನಂತರ ಹುಲಿಗೆವ್ವನಿಗೆ ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು. “ಅದನ್ಯಾರೋ ಕುರ್ಚಿ ಮ್ಯಾಲೆ ಕುಂತ ಮಂದಿ ಸೇರಿಸ್ಯಾರ. ಅಂಥಾವ್ರು ಬರ್ತಾರೇನ್?” ಎಂದಳು.

ಫಕೀರವ್ವ ಆ ದಿನ ಮನೆಗೆ ಹೋಗಿ ಪುಸ್ತಕ ತೆರೆಯಲಿಲ್ಲ. ಅದು ಒಣಗುಂಡಿಯಾಗಿರಲಿಲ್ಲವಲ್ಲ, ಬರೆಯುವುದಕ್ಕೇನೂ ಇರಲಿಲ್ಲ. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು. ಬೆಳಕಿಂಡಿಯ ಲೆಕ್ಕದಲ್ಲಿ ಅವಳು ಆ ವರ್ಷ ಏನನ್ನೂ ಮಾಡಿರಲಿಲ್ಲ.

ಉಳಿದದ್ದು ಇಷ್ಟು. ವಾರದ ಮೇಲೆ ಉಲ್ಲಾಸ ಗುಂಡಿಗಳ ಹತ್ತಿರ ಬಂದು ನಿಂತ. ಯಶಸ್ಸಿನ ಕಳಂಕ ಹತ್ತಿದವನಿಗೆ ಬೇರೆ ಎಲ್ಲಿಯೂ ಕೆಲಸ ಸಿಗುತ್ತಿರಲಿಲ್ಲ. ಯೋಗ್ಯಾಂಕ ಕೇಳದ ಕೆಲಸ ಇದೊಂದೇ ಎಂದು ಯಾರೋ ಹೇಳಿದ್ದರು.

“ಆಯೀ, ಒಂದ್ ಸಲಿಕಿ ಸಿಗತೈತೇನ್ರಿ?”

“ಬೂಟ್ ಬಿಚ್ಚಿಡು,” ಎಂದಳು ಫಕೀರವ್ವ. “ಗೋಣಿ ಸುತ್ತೀನಿ, ಮಣ್ಣ ಹಾಕೂದು ಇನ್ನ ಇಪ್ಪತ್ತಾರು ಉಳದಾವು. ಎಲ್ಲಾ ನಿನ್ನವ.”

ಅವನು ಇಪ್ಪತ್ತಾರನ್ನೂ ಮುಚ್ಚಿದ. ಚಿತ್ರ ತೆಗೆಯಲಿಲ್ಲ. ಕೊನೆಯ ದಿನ ಅಗೆದವರಿಗೆಂದು ತಾನೇ ರೊಟ್ಟಿ ಬಡಿದು ತಂದ. ಅಂಚು ಸೀದಿತ್ತು, ನಡು ಹಸಿಯಾಗಿತ್ತು. ಹುಲಿಗೆವ್ವ ಎರಡು ತಿಂದಳು.

ಕಥೆ ಇಲ್ಲಿಗೆ ನಿಂತಾಗ ಸರದಿಯಲ್ಲಿ ಕುಳಿತಿದ್ದ ನೀಲವ್ವ ಕೇಳಿದಳು, “ಹಂಗಾರ ಆ ಹೆಣ್ಮಗಳಿಗೆ ಆಲಿಕಿ ಕೆಲಸ ಸಿಗಲ ಇಲ್ಲೇನ?”

“ಎಲ್ಲಿ ಸಿಗ್ತೈತಿ? ಮಂಡಳಿ ಪುಸ್ತಕದಾಗ ಆಕಿ ಇವತ್ತಿಗೂ ಗುಂಡಿ ಮುಚ್ಚಾಕಿ.”

“ಮತ್ತ ಈಗ ಪೈಪ್ ಸೋರಿದ್ರ ಯಾರ್ ಹುಡುಕ್ತಾರ?”

“ಗುಂಡಿ ಮುಚ್ಚಾಕಿ,” ಎಂದಳು ಹುಲಿಗೆವ್ವ.

ಎಲ್ಲರೂ ನಕ್ಕರು. ಅಷ್ಟರಲ್ಲಿ ಕಟ್ಟೆಗೆ ಒರಗಿ ಕುಳಿತಿದ್ದ ಹದಿನೈದನೆಯ ಹೆಂಗಸು ಸೆರಗಿನ ಮರೆಯಿಂದ ಒಂದು ಬೀಟೆಯ ಕೋಲು ತೆಗೆದು, ತುದಿಯನ್ನು ನಳದ ಬುಡಕ್ಕೆ ಇಟ್ಟು, ಕಿವಿ ಹಚ್ಚಿದಳು. ನಗು ತಾನಾಗಿಯೇ ನಿಂತಿತು. ಅವಳು ಕೋಲು ತೆಗೆದು, ಪಕ್ಕದಲ್ಲಿದ್ದ ಒಂದು ಹರಳುಗಲ್ಲನ್ನು ಎತ್ತಿ ನಳದ ಕಟ್ಟೆಯ ಮೇಲಿಟ್ಟು, ಸರಿದು ಕುಳಿತಳು.

ನೀರು ಇನ್ನೂ ಬಂದಿರಲಿಲ್ಲ. ಹದಿನಾಲ್ಕು ಜನರೂ ಎದ್ದು ಕೊಡಗಳನ್ನು ಹೊಂದಿಸಿದರು. ನಳ ಒಮ್ಮೆ ಕೆಮ್ಮಿ, ಗಾಳಿ ಉಗುಳಿ, ಸುರಿಯತೊಡಗಿತು. ಒಬ್ಬೊಬ್ಬರಾಗಿ ತುಂಬಿಸಿಕೊಂಡು, ಸಿಂಬಿಯ ಮೇಲೆ ಕೊಡವಿಟ್ಟು, ಮನೆಗೆ ಹೋದರು.